ಬಾಟಲಿ ಮೇಲಿನ ಊರ ಹೆಸರು ಯಾರ ಪಾಲಿಗೆ?

(ಬಸವಕಲ್ಯಾಣ ಮತ್ತು ಹುಮನಾಬಾದಿನಲ್ಲಿ ರೈತರ ಮುಂದೆ ಆಡಿದ ಮಾತು. ಸಭೆಗೆ ಬರಲಾಗದ ಓದುಗರಿಗಾಗಿ ಬರೆದುಕೊಟ್ಟದ್ದು.)



ಬಸವಣ್ಣನವರ ಕಲ್ಯಾಣದಲ್ಲಿ ನಿಂತು ಇಟಲಿ ದೇಶದ ವೈನಿನ ಮಾತೆತ್ತಿದರೆ ಯಾರಿಗಾದರೂ ನಗು ಬರುತ್ತದೆ. ಕೆಲವರಿಗೆ ಸಿಟ್ಟೂ ಬರುತ್ತದೆ. ಸಿಟ್ಟು ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ, ಕುಡೀರಿ ಅಂತ ಹೇಳಲಿಕ್ಕೆ ನಾನು ಬಂದಿಲ್ಲ. ಕುಡಿತ ಎಷ್ಟು ಮನೆ ತೊಳೆದಿದೆ ಅನ್ನೋದು ಇಲ್ಲಿ ಕುಂತಿರುವ ಅಕ್ಕಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಇದೇ ಕಲ್ಯಾಣದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯ ಅನ್ನುವ ಹೆಸರೂ ಇದೆಯಲ್ಲ, ಅಷ್ಟರ ಮಟ್ಟಿಗೆ ಈ ಮಾತಿಗೂ ಒಂದು ಮೂಲೆ ಜಾಗ ಕೊಡ್ರಿ.

ನನ್ನ ಪ್ರಶ್ನೆ ಬೆಲೆಯದು. ದ್ರಾಕ್ಷಿ ಅನ್ನೋದು ಹೊಲದಲ್ಲಿ ಬೆಳೆಯುವ ಒಂದು ಹಣ್ಣು. ಸೋಲಾಪುರದಿಂದ ಬಂದ ದ್ರಾಕ್ಷಿ ನಮ್ಮ ಸಂತೆಯಲ್ಲಿ ತಳ್ಳುಗಾಡಿಯ ಮೇಲೆ ಕೆಜಿ ಲೆಕ್ಕದಲ್ಲಿ ಮಾರಾಟವಾಗುತ್ತದೆ, ಸಂಜೆಯಾದರೆ ಬೆಲೆ ಅರ್ಧಕ್ಕಿಳಿಯುತ್ತದೆ. ಅದೇ ಹಣ್ಣಿನ ಜಾತಿಯದು, ಒಂದು ಕೆಜಿಗಿಂತ ತುಸು ಹೆಚ್ಚು, ಇಟಲಿಯ ಬಾರ್ಬರೆಸ್ಕೊ ಎಂಬ ಹಳ್ಳಿಯ ಹೆಸರು ಹೊತ್ತ ಬಾಟಲಿಯೊಳಗೆ ಹೋದರೆ ನಮ್ಮ ಲೆಕ್ಕದಲ್ಲಿ ಸಾವಿರಾರು ರೂಪಾಯಿ. ಸಾವಿರ ಜನರೂ ಇಲ್ಲದ ಹಳ್ಳಿ ಅದು. ಅದರ ಹೆಸರನ್ನು ನ್ಯೂಯಾರ್ಕಿನವನು, ಟೋಕಿಯೋದವನು ಓದಿ ದುಡ್ಡು ಬಿಚ್ಚುತ್ತಾನೆ. ನಮ್ಮ ಹೊಲದ ತೊಗರಿ ಸಸ್ತಾಪುರ ಬಂಗ್ಲೆ ದಾಟಿದ ಕೂಡಲೇ ಊರು ಹೆಸರು ಎಲ್ಲ ಕಳಕೊಂಡು ಬರೀ ‘ಮಾಲು’ ಆಗುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು, ಅದರಲ್ಲಿ ಆ ಊರಿನ ರೈತನ ಪಾಲು ಎಷ್ಟು, ಅದನ್ನೇ ನಾವು ಕೂಡಿ ನೋಡೋಣ.

ಮೊದಲು ಮಾಡುವ ಬಗೆ. ಅದರಲ್ಲಿ ಮಂತ್ರವೇನೂ ಇಲ್ಲ. ಹಣ್ಣು ಜಜ್ಜಿ ಇಟ್ಟರೆ ಅದರ ಸಕ್ಕರೆಯನ್ನು ಹುಳಿ ಬರಿಸುವ ಜೀವಿಗಳು ತಿಂದು ಮದ್ಯ ಮಾಡುತ್ತವೆ. ಬಿಳಿ ವೈನ್ ಬೇಕಾದರೆ ಮೊದಲೇ ರಸ ಹಿಂಡಿ ಸಿಪ್ಪೆ ಬೇರೆ ಮಾಡುತ್ತಾರೆ. ಕೆಂಪು ವೈನಿಗೆ ಸಿಪ್ಪೆ ಬೀಜ ರಸದಲ್ಲೇ ನೆನೆಯಬೇಕು, ಬಣ್ಣವೂ ಒಗರೂ ಸಿಪ್ಪೆಯಲ್ಲೇ ಇರೋದು. ಒಳಗಿನಿಂದ ಉಕ್ಕಿ ಸಿಪ್ಪೆ ಮೇಲೆ ತೇಲಿ ಗಟ್ಟಿ ಮುಚ್ಚಳದ ಹಾಗೆ ಕೂರುತ್ತದೆ. ಅದನ್ನು ದಿನಾ ಒತ್ತಿ ಮುಳುಗಿಸಬೇಕು ಅಥವಾ ಕೆಳಗಿನ ರಸವನ್ನು ಎತ್ತಿ ಮೇಲೆ ಸುರಿಯಬೇಕು. ಇಟಲಿಯ ಕಾನೂನು ಇದಕ್ಕೆ ಸಕ್ಕರೆ ಬೆರೆಸಲು ಬಿಡುವುದಿಲ್ಲ. ಮದ್ಯಕ್ಕೆ ಬೇಕಾದ ಸಕ್ಕರೆ ಹಣ್ಣಿನಲ್ಲೇ ಇರಬೇಕು, ಅಂದರೆ ಬಳ್ಳಿಯ ಮೇಲೇ ಕೂಡಬೇಕು. ಅಲ್ಲಿಗೆ ವೈನಿನ ಗುಣ ಪಾತ್ರೆಯಲ್ಲಲ್ಲ, ಹೊಲದಲ್ಲೇ ಅರ್ಧಕ್ಕಿಂತ ಹೆಚ್ಚು ತೀರ್ಮಾನ ಆಗಿಬಿಟ್ಟಿರುತ್ತದೆ.

ಹೊಲ ಅಂದೆ. ಇಟಲಿಯ ಉತ್ತರಕ್ಕೆ ಪಿಯೆಮೊಂತೆ ಅನ್ನುವ ಪ್ರಾಂತ, ಅದರಲ್ಲಿ ಲಾಂಗೆ ಅನ್ನುವ ಗುಡ್ಡಸಾಲು, ಕೆಳಗೆ ತನಾರೊ ಹೊಳೆ, ನಡುವೆ ಆಲ್ಬಾ ಎಂಬ ಪೇಟೆ. ಬಾರ್ಬರೆಸ್ಕೊ, ಬರೋಲೊ ಎರಡೂ ಇಲ್ಲಿಯ ಹಳ್ಳಿಗಳೇ. ಬೆಳೆಯುವ ತಳಿ ನೆಬ್ಬಿಯೋಲೊ. ಅವರ ಭಾಷೆಯಲ್ಲಿ ನೆಬ್ಬಿಯಾ ಅಂದರೆ ಮಂಜು, ಗುಡ್ಡಕ್ಕೆ ಮಂಜು ಕವಿಯುವ ಅಕ್ಟೋಬರಿನ ತನಕ ಇದು ಹಣ್ಣಾಗುವುದಿಲ್ಲ, ಅದಕ್ಕೇ ಈ ಹೆಸರು ಎನ್ನುವವರಿದ್ದಾರೆ. ಬಲು ಹಟಮಾರಿ ತಳಿ. ಎಲ್ಲ ಕಡೆ ಬರುವುದಿಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬೇಕು, ಸುಣ್ಣ ಬೆರೆತ ಜೇಡಿ ಮಣ್ಣು ಬೇಕು. ಚಳಿಗಾಲದಲ್ಲಿ ಎಲ್ಲಿ ಹಿಮ ಮೊದಲು ಕರಗುತ್ತದೋ ಅದೇ ನೆಬ್ಬಿಯೋಲೊಗೆ ಹೇಳಿದ ಹೊಲ ಅಂತ ಅಲ್ಲಿಯ ಮುದುಕರ ಲೆಕ್ಕ. ನಮ್ಮಲ್ಲೂ ಇಂಥ ಲೆಕ್ಕ ಇದೆಯಲ್ಲ. ಹುಮನಾಬಾದಿನ ಕಡೆ ಕೆಂಪು ಕಲ್ಲಿನ ಭೂಮಿ ಮುಗಿದು ಕರಿ ಭೂಮಿ ಶುರುವಾಗುವ ಅಂಚು ಎಲ್ಲಿದೆ, ಯಾವ ಹೊಲದ ಜೋಳದ ರೊಟ್ಟಿ ಮೆತ್ತಗೆ, ಯಾವುದರ ತೊಗರಿ ಬೇಗ ಬೇಯುತ್ತದೆ, ಇದನ್ನು ಹೇಳಲಿಕ್ಕೆ ನಮ್ಮ ಕಾಕಾಗಳಿಗೆ ಯಾವ ಪ್ರಯೋಗಾಲಯವೂ ಬೇಕಾಗಿಲ್ಲ. ವ್ಯತ್ಯಾಸ ಇಷ್ಟೇ, ಅವರು ತಮ್ಮ ಮುದುಕರ ಮಾತನ್ನು ನಕ್ಷೆ ಮಾಡಿ ಕಾನೂನಿಗೆ ಸೇರಿಸಿದರು. ನಾವು ನಮ್ಮ ಮುದುಕರ ಮಾತನ್ನು ಕಟ್ಟೆ ಮೇಲೇ ಬಿಟ್ಟೆವು.

ಆ ಕಾನೂನು ಏನು ಹೇಳುತ್ತದೆ? 1963ರಲ್ಲಿ ಇಟಲಿ ಸರ್ಕಾರ ಊರ ಹೆಸರಿನ ವೈನುಗಳಿಗೆ ಒಂದು ಕಾಯ್ದೆ ತಂದಿತು. 1980ರಲ್ಲಿ ಅದರ ಮೇಲಿನ ದರ್ಜೆ, ಸರ್ಕಾರವೇ ಖಾತ್ರಿ ಕೊಡುವ ದರ್ಜೆ, ಬರೋಲೊಗೂ ಬಾರ್ಬರೆಸ್ಕೊಗೂ ಸಿಕ್ಕಿತು. ಅದರ ಪ್ರಕಾರ ಗಡಿಯೊಳಗಿನ ಹೊಲದ ನೆಬ್ಬಿಯೋಲೊ ಮಾತ್ರ. ಹೆಕ್ಟೇರಿಗೆ ಎಂಟು ಟನ್ನಿಗಿಂತ ಹೆಚ್ಚು ಹಣ್ಣು ಎತ್ತುವ ಹಾಗಿಲ್ಲ. ಅಂದರೆ ಎಕರೆಗೆ ಮೂವತ್ತೆರಡು ಕ್ವಿಂಟಲ್. ನಮ್ಮ ದೇಶದ ದ್ರಾಕ್ಷಿ ತೋಟದವರು ಹೆಕ್ಟೇರಿಗೆ ಇಪ್ಪತ್ತು ಟನ್ನು ದಾಟಿ ತೆಗೆಯುತ್ತಾರೆ. ಅಲ್ಲಿಯ ರೈತ ಬೇಸಿಗೆಯಲ್ಲಿ ಹೋಗಿ ಹಸಿರು ಗೊಂಚಲನ್ನೇ ಕತ್ತರಿಸಿ ನೆಲಕ್ಕೆ ಬೀಳಿಸುತ್ತಾನೆ, ಉಳಿದ ಗೊಂಚಲಿಗೆ ಸತ್ವ ಸೇರಲಿ ಅಂತ. ಇಳುವರಿ ಹೆಚ್ಚಿಸು, ಇನ್ನೂ ಹೆಚ್ಚಿಸು ಎನ್ನುವ ಒಂದೇ ಮಂತ್ರವನ್ನು ಅರವತ್ತು ವರ್ಷದಿಂದ ಕೇಳಿಕೊಂಡು ಬಂದ ನಮ್ಮ ಕಿವಿಗೆ ಇದು ಹುಚ್ಚರ ಮಾತಿನ ಹಾಗೆ ಕೇಳುತ್ತದೆ. ಹುಚ್ಚಲ್ಲ. ಕಡಿಮೆ ಬೆಳೆದು ಹೆಚ್ಚು ಬೆಲೆ ಪಡೆಯುವ ಹಕ್ಕು ಕೈಯಲ್ಲಿದ್ದವನು ಮಾತ್ರ ಹಾಗೆ ಕತ್ತರಿಸಬಲ್ಲ.

ಇನ್ನೊಂದು ಷರತ್ತು ಕಾಲದ್ದು, ನಮ್ಮ ಮಟ್ಟಿಗೆ ಇದೇ ಮುಖ್ಯ. ಬಾರ್ಬರೆಸ್ಕೊ ಕನಿಷ್ಠ 26 ತಿಂಗಳು ಕಾಯಬೇಕು, ಅದರಲ್ಲಿ ಒಂಬತ್ತು ತಿಂಗಳು ಮರದ ಪೀಪಾಯಿಯಲ್ಲಿ. ಬರೋಲೊ 38 ತಿಂಗಳು, ಅದರಲ್ಲಿ ಹದಿನೆಂಟು ಮರದಲ್ಲಿ. ನೆಬ್ಬಿಯೋಲೊದ ಒಗರು ಮೊದಮೊದಲು ನಾಲಗೆ ಹಿಡಿದು ಎಳೆಯುತ್ತದೆ, ಕಾಲದಲ್ಲಿ ಮಾತ್ರ ಅದು ಮೆತ್ತಗಾಗುತ್ತದೆ. ಸರಿ, ವೈನ್ ಕಾಯುತ್ತದೆ. ರೈತನ ಹೊಟ್ಟೆ ಕಾಯುತ್ತದೇನು? ಬೀಜ ಗೊಬ್ಬರದ ಅಂಗಡಿಯವನು 26 ತಿಂಗಳು ಕಾಯುತ್ತಾನೇನು? ಒಳ್ಳೆ ವೈನು ಅನ್ನೋದು ಬಾಟಲಿಯಲ್ಲಿ ತುಂಬಿದ ಸಾಲದ ಪ್ರಶ್ನೆ ಕೂಡ ಹೌದು. ಈ ಕಾಯುವ ಖರ್ಚನ್ನು ಯಾರು ಹೊರುತ್ತಾರೋ ಬೆಲೆ ಅವನ ಕೈಗೆ ಹೋಗುತ್ತದೆ.

ಹಿಂದೆ ಅದನ್ನು ಹೊತ್ತವರು ವ್ಯಾಪಾರಿಗಳು. ಲಾಂಗೆ ಗುಡ್ಡದ ಸಣ್ಣ ರೈತ ಹಣ್ಣು ಕೊಯ್ದು ಗಾಡಿಗೆ ಹೇರಿ ಆಲ್ಬಾ ಪೇಟೆಯ ಚೌಕಕ್ಕೆ ಒಯ್ಯುತ್ತಿದ್ದ. ದಲಾಲರು ಗಾಡಿ ಸುತ್ತ ತಿರುಗಿ ನೋಡಿ ಸುಮ್ಮನೆ ಹೋಗುವರು. ಮಧ್ಯಾಹ್ನವಾಗಲಿ ಅಂತ. ಸಂಜೆಯಾಗಲಿ ಅಂತ. ಜಜ್ಜಿದ ದ್ರಾಕ್ಷಿ ಗಾಡಿಯಲ್ಲೇ ಹುಳಿ ಬರಲು ಶುರುವಾಗುತ್ತದೆ, ವಾಪಸು ಒಯ್ಯುವ ಹಾಗಿಲ್ಲ. ಸಂಜೆ ಬೆಲೆ ದಲಾಲ ಹೇಳಿದ್ದೇ ಬೆಲೆ. ಇದನ್ನು ಕೇಳಿ ನಿಮಗೆ ಇಟಲಿ ನೆನಪಾಗಲಿಕ್ಕಿಲ್ಲ, ಟೊಮೆಟೊ ಹೇರಿಕೊಂಡು ಹೋದ ದಿನ ನೆನಪಾಗಬಹುದು. ಅಲ್ಲಿಯ ಬಡತನ ಎಂಥದಿತ್ತು ಅನ್ನಲು ಆ ಸೀಮೆಯ ಲೇಖಕ ಬೆಪ್ಪೆ ಫೆನೋಲಿಯೊ 1954ರಲ್ಲಿ ಬರೆದ ಒಂದು ಕಾದಂಬರಿ ಇದೆ. ಅದರ ಹೆಸರೇ ‘ಲಾ ಮಲೋರಾ’, ಹಾಳು ಬೀಳೋದು ಅಂತ ಅರ್ಥ. ಗುಡ್ಡದ ಹುಡುಗರು ಬಳ್ಳಿ ಬಿಟ್ಟು ತೂರಿನ್ ಪಟ್ಟಣದ ಫಿಯಟ್ ಮೋಟಾರು ಕಾರ್ಖಾನೆಗೆ ಕೂಲಿಗೆ ಹೋದರು. ನಮ್ಮ ಹುಡುಗರು ಹೈದರಾಬಾದಿಗೆ, ಪುಣೆಗೆ ಹೋದ ಹಾಗೆಯೇ. ಇವತ್ತು ಶ್ರೀಮಂತರು ಕೊಂಡಾಡುವ ವೈನಿನ ಸೀಮೆ ಎಪ್ಪತ್ತು ವರ್ಷದ ಹಿಂದೆ ಹೀಗಿತ್ತು.

ಬಾರ್ಬರೆಸ್ಕೊದಲ್ಲಿ ಇದಕ್ಕೊಂದು ದಾರಿ ಮೊದಲು ಹುಡುಕಿದವನು ಮೇಷ್ಟ್ರು. ದೊಮಿತ್ಸಿಯೊ ಕವಾತ್ಸಾ ಅಂತ, ಆಲ್ಬಾದ ವೈನ್ ಶಾಲೆಯ ಮುಖ್ಯಸ್ಥ. 1894ರಲ್ಲಿ ಒಂಬತ್ತು ಮಂದಿ ತೋಟದವರನ್ನು ಕೂಡಿಸಿ ಸಹಕಾರಿ ನೆಲಮಾಳಿಗೆ ಶುರು ಮಾಡಿದ. ಅಲ್ಲಿಯ ತನಕ ಆ ಹಳ್ಳಿಯ ಹಣ್ಣು ಬೇರೆಯವರ ಹೆಸರಿನಲ್ಲಿ, ಹೆಚ್ಚಾಗಿ ಬರೋಲೊ ಮಾಡುವವರಿಗೆ, ಹೋಗುತ್ತಿತ್ತು. ಬಾಟಲಿಯ ಮೇಲೆ ‘ಬಾರ್ಬರೆಸ್ಕೊ’ ಅನ್ನುವ ಹೆಸರು ನಿಂತದ್ದು ಅವನಿಂದ. 1920ರ ದಶಕದಲ್ಲಿ ಫ್ಯಾಸಿಸ್ಟರ ಆಡಳಿತದ ಆರ್ಥಿಕ ಕಟ್ಟುಪಾಡಿನಲ್ಲಿ ಅದು ಮುಚ್ಚಿಹೋಯಿತು. ಮತ್ತೆ ಎದ್ದದ್ದು 1958ರಲ್ಲಿ. ಆ ಊರಿನ ಪಾದ್ರಿ ಫಿಯೊರಿನೊ ಮರೆಂಗೊ ಹತ್ತೊಂಬತ್ತು ಸಣ್ಣ ರೈತರನ್ನು ಕೂಡಿಸಿದ. ಕಟ್ಟಡ ಇಲ್ಲ, ದುಡ್ಡಿಲ್ಲ. ಮೊದಲ ಮೂರು ವರ್ಷದ ವೈನನ್ನು ಚರ್ಚಿನ ಕೆಳಗಿನ ನೆಲಮಾಳಿಗೆಯಲ್ಲೇ ಮಾಡಿದರು. ಆಮೇಲೆ ಚೌಕದ ಆಚೆ ಬದಿ ಸ್ವಂತದ್ದು ಕಟ್ಟಿಕೊಂಡರು.

ಈಗ ಅದರಲ್ಲಿ ಐವತ್ತಕ್ಕೂ ಹೆಚ್ಚು ಮನೆತನಗಳು, ನೂರು ಹೆಕ್ಟೇರಿಗಿಂತ ತುಸು ಹೆಚ್ಚು ತೋಟ. ಭಾಗಿಸಿ ನೋಡ್ರಿ. ಮನೆಗೆ ಎರಡು ಹೆಕ್ಟೇರು, ಐದು ಎಕರೆ. ನಮ್ಮ ಸರ್ಕಾರದ ಪುಸ್ತಕದಲ್ಲಿ ‘ಸಣ್ಣ ರೈತ’ ಅಂತ ಯಾರನ್ನು ಕರೆಯುತ್ತಾರೋ ಅವರೇ ಇವರು. ಜಗತ್ತಿನ ದೊಡ್ಡ ವೈನುಗಳಲ್ಲಿ ಒಂದನ್ನು ಐದೆಕರೆಯವರ ಸಂಘ ಮಾಡುತ್ತಿದೆ ಎಂದರೆ ನಂಬಲಿಕ್ಕೆ ಕಷ್ಟ, ಆದರೆ ನಿಜ.

ಹೆಂಗೆ ಸಾಧ್ಯವಾಯಿತು? ಕಟ್ಟಳೆ ಬಿಗಿ. ಸದಸ್ಯನಾದವನು ತನ್ನ ನೆಬ್ಬಿಯೋಲೊ ಅಷ್ಟನ್ನೂ ಸಂಘಕ್ಕೇ ಹಾಕಬೇಕು. ಚೆಂದದ್ದು ವ್ಯಾಪಾರಿಗೆ, ಉಳಿದದ್ದು ಸಂಘಕ್ಕೆ ಅನ್ನುವ ಆಟ ನಡೆಯುವುದಿಲ್ಲ. ಹಣ್ಣಿಗೆ ದುಡ್ಡು ತೂಕದ ಮೇಲಷ್ಟೇ ಅಲ್ಲ, ಗುಣದ ಮೇಲೆ. ಒಳ್ಳೆ ವರ್ಷದಲ್ಲಿ ಒಂಬತ್ತು ಹೆಸರಾಂತ ಹೊಲಗಳ ವೈನನ್ನು ಬೇರೆ ಬೇರೆ ಬಾಟಲಿ ಮಾಡುತ್ತಾರೆ, ಅಸಿಲಿ, ರಬಾಯಾ, ಮೊಂತೆಸ್ತೆಫನೊ ಹೀಗೆ ಹೊಲದ ಹೆಸರೇ ಚೀಟಿಯ ಮೇಲೆ. ವರ್ಷ ಸಾಧಾರಣ ಅನ್ನಿಸಿದರೆ ಹೊಲದ ಹೆಸರಿನ ಬಾಟಲಿ ಇಲ್ಲವೇ ಇಲ್ಲ. ಆ ಶ್ರೇಷ್ಠ ಹೊಲಗಳ ಹಣ್ಣೂ ಎಲ್ಲರ ಹಣ್ಣಿನ ಜೊತೆ ಕೂಡಿ ಒಂದೇ ಸಾಮಾನ್ಯ ಬಾರ್ಬರೆಸ್ಕೊ ಆಗುತ್ತದೆ. ಅದರಿಂದ ಎಲ್ಲರ ಬಾಟಲಿಯೂ ಎದ್ದು ನಿಲ್ಲುತ್ತದೆ. ಇದರ ಹಿಂದೆ ಎಷ್ಟು ಜಗಳ ನಡೆದಿರಬಹುದು ಅನ್ನೋದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ, ಒಂದು ಬದುವಿಗೆ ಮೂರು ತಲೆಮಾರು ಕೋರ್ಟು ತಿರುಗುವ ಜನ ನಾವು.

ಎಲ್ಲ ಸಹಕಾರಿಗಳೂ ಹೀಗೇ ಅಂತ ತಿಳಿಯಬೇಡಿ. ಇಟಲಿಯಲ್ಲಿ ಸಹಕಾರಿ ನೆಲಮಾಳಿಗೆಗಳು ನೂರಾರು. ಬಹಳಷ್ಟು ಕಡೆ ಟ್ಯಾಂಕರುಗಟ್ಟಲೆ ಹೆಸರಿಲ್ಲದ ವೈನ್ ಮಾಡಿ ಅಗ್ಗಕ್ಕೆ ಸಾಗಿಸುವುದೇ ಕೆಲಸ. ಸಹಕಾರ ಅನ್ನುವ ಬೋರ್ಡಿನಿಂದ ಏನೂ ಆಗುವುದಿಲ್ಲ. ಅದನ್ನು ಈ ಜಿಲ್ಲೆಯ ಕಬ್ಬಿನ ರೈತನಿಗೆ ಹೊರಗಿನವನು ಬಂದು ಕಲಿಸಬೇಕೇನು?

ಈಗ ಕತೆಯ ಇನ್ನೊಂದು ಮುಖ. ಇಟಲಿಯ ನಡುವೆ ಟಸ್ಕನಿ, ಅಲ್ಲಿಯ ಕಿಯಾಂತಿ. 1716ರಲ್ಲಿ ಅಲ್ಲಿಯ ಅರಸು ಮೆಡಿಚಿ ಮನೆತನದ ಮೂರನೇ ಕೊಸಿಮೊ ಒಂದು ಫರ್ಮಾನು ಹೊರಡಿಸಿದ. ಈ ಹಳ್ಳಿಯಿಂದ ಈ ಹಳ್ಳಿಯ ತನಕ ಬೆಳೆದದ್ದಕ್ಕೆ ಮಾತ್ರ ಕಿಯಾಂತಿ ಅನ್ನಬೇಕು, ಕಾರ್ಮಿನ್ಯಾನೊ ಅನ್ನಬೇಕು ಅಂತ ನಾಲ್ಕು ಸೀಮೆಗೆ ಗಡಿ ಹಾಕಿದ. ವೈನಿನ ಊರಿಗೆ ಹೀಗೆ ಸರ್ಕಾರಿ ಗಡಿ ಬಿದ್ದದ್ದು ಜಗತ್ತಿನಲ್ಲೇ ಬಹಳ ಮುಂಚಿನದು. ಆಮೇಲೆ 1872ರಲ್ಲಿ ಬ್ರೋಲಿಯೊ ಕೋಟೆಯ ಜಮೀನುದಾರ ಬೆತ್ತಿನೊ ರಿಕಾಸೊಲಿ, ಇಟಲಿಯ ಪ್ರಧಾನಿಯೂ ಆಗಿದ್ದವನು, ಕಿಯಾಂತಿಗೆ ಸಾಂಜೊವೆಸೆ ತಳಿ ಮುಖ್ಯ, ಅದಕ್ಕೆ ಕನಯೋಲೊ ಸೇರಲಿ, ಬೇಗ ಕುಡಿಯುವುದಕ್ಕೆ ಒಂದಿಷ್ಟು ಮಲ್ವಾಸಿಯಾ ಇರಲಿ ಅಂತ ಪಾಕ ಬರೆದಿಟ್ಟ. ವೈನಿನ ಪುಸ್ತಕಗಳೆಲ್ಲ ಇವನನ್ನು ಹೊಗಳುತ್ತವೆ. ಬಳ್ಳಿ ಸವರಿದವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಆ ಬಳ್ಳಿ ಸವರಿದವನು ಪಾಲಿನ ರೈತ. ‘ಮೆತ್ಸಾದ್ರಿಯಾ’ ಅಂತ ಆ ಪದ್ಧತಿಗೆ ಹೆಸರು, ನಮ್ಮ ಬಟಾಯಿಯೇ ಸರಿ. ಹೊಲ, ಮನೆ ಒಡೆಯನದು, ದುಡಿಮೆ ಇಡೀ ಕುಟುಂಬದ್ದು, ಬಂದದ್ದರಲ್ಲಿ ಅರ್ಧ ಒಡೆಯನಿಗೆ. ಲೆಕ್ಕದ ಪುಸ್ತಕ ಒಡೆಯನ ಕಾರಭಾರಿಯ ಕೈಯಲ್ಲಿ. ಕೆಟ್ಟ ವರ್ಷದ ಬಾಕಿ ಮುಂದಿನ ವರ್ಷಕ್ಕೆ, ಅಪ್ಪನ ಬಾಕಿ ಮಗನಿಗೆ. ಯುದ್ಧ ಮುಗಿದ ಮೇಲೆ ಪಾಲಿನ ರೈತರು ಎದ್ದರು, ಹೋರಾಡಿದರು. 1946ರಲ್ಲಿ ಅರ್ಧ ಪಾಲು ಹೋಗಿ ನೂರಕ್ಕೆ 53 ಆಯಿತು. 1964ರ ಕಾಯ್ದೆ 58 ಮಾಡಿ, ಹೊಸದಾಗಿ ಇಂಥ ಕರಾರು ಬರೆಯಕೂಡದು ಅಂತ ಸಾರಿತು. 1982ರಲ್ಲಿ ಉಳಿದ ಕರಾರುಗಳನ್ನು ಗೇಣಿಗೆ ಬದಲಿಸಲು ದಾರಿಯಾಯಿತು. ನಮ್ಮ ರಾಜ್ಯದಲ್ಲಿ 1974ರ ಭೂಸುಧಾರಣೆ ಗೇಣಿದಾರನಿಗೆ ನೆಲವನ್ನೇ ಕೊಡಲು ಹೊರಟಿತು. ಅಲ್ಲಿ ಹಾಗಾಗಲಿಲ್ಲ. ಹತ್ತಿಪ್ಪತ್ತು ವರ್ಷದಲ್ಲಿ ಪಾಲಿನ ರೈತರು ಕಲ್ಲಿನ ಮನೆಗಳನ್ನು ಬಿಟ್ಟು ಪಟ್ಟಣ ಸೇರಿದರು. ಬೀಗ ಬಿದ್ದ ಮನೆ, ಬೀಳು ಬಿದ್ದ ತೋಟಗಳನ್ನು ಮಿಲಾನಿನವರು, ಹೊರದೇಶದವರು ಕೊಂಡರು. ಇವತ್ತು ಕಿಯಾಂತಿಯ ಗುಡ್ಡಗಳು ಚಿತ್ರದ ಹಾಗೆ ಕಾಣುತ್ತವೆ. ಹೆಸರು ಗೆದ್ದಿತು, ಆ ಹೆಸರನ್ನು ಬೆಳೆಸಿದ ಮನೆತನ ಊರು ಬಿಟ್ಟಿತು.

ಹೆಸರಾದರೂ ನೆಟ್ಟಗೆ ಉಳಿಯಿತೇನು? ಅದೂ ಇಲ್ಲ. ಕಿಯಾಂತಿಗೆ ಬೇಡಿಕೆ ಬಂದಾಗ ಸುತ್ತಲಿನವರೆಲ್ಲ ತಮ್ಮದೂ ಕಿಯಾಂತಿಯೇ ಎಂದರು. ಮೂಲ ಸೀಮೆಯ 33 ಮಂದಿ 1924ರಲ್ಲಿ ಸಂಘ ಕಟ್ಟಿ ಕರಿ ಹುಂಜವನ್ನು ಗುರುತು ಮಾಡಿಕೊಂಡರು. ಆದರೂ 1932ರ ಸರ್ಕಾರಿ ಆದೇಶ ಕಿಯಾಂತಿಯ ಗಡಿಯನ್ನು ಹಿಗ್ಗಿಸಿ ಏಳು ತುಂಡು ಮಾಡಿತು. ಹುಲ್ಲು ಸುತ್ತಿದ ಬುರುಡೆಯಲ್ಲಿ ತೆಳು ವೈನ್ ತುಂಬಿ ಊರೂರಿಗೆ ಸಾಗಿಸಿ ಸಾಗಿಸಿ ‘ಕಿಯಾಂತಿ’ ಅಂದರೆ ಅಗ್ಗದ ಮಾಲು ಅನ್ನುವ ಹಾಗಾಯಿತು. ಅದನ್ನು ತೊಳೆದುಕೊಳ್ಳಲು ಅವರಿಗೆ ಬಹಳ ವರ್ಷ ಬೇಕಾಯಿತು.

ಅಗ್ಗದ ಮಾಲು ಅಂದೆ. ಅಗ್ಗ ಎಲ್ಲಿಗೆ ಒಯ್ಯುತ್ತದೆ ಅನ್ನೋದನ್ನು ಇಟಲಿ 1986ರ ಮಾರ್ಚಿನಲ್ಲಿ ಕಂಡಿತು. ಅಗ್ಗದ ವೈನಿಗೆ ಮತ್ತು ಏರಿಸಲು ಮೆಥನಾಲ್ ಬೆರೆಸಿದರು, ಇಪ್ಪತ್ತರಷ್ಟು ಜನ ಸತ್ತರು, ಹಲವರ ಕಣ್ಣು ಹೋದವು. ನಮಗೆ ಇದು ಹೊಸದಲ್ಲ, 1981ರಲ್ಲಿ ಬೆಂಗಳೂರಿನಲ್ಲಿ ಇದೇ ವಿಷ ಮುನ್ನೂರಕ್ಕೂ ಹೆಚ್ಚು ಬಡವರನ್ನು ಕೊಂದಿತ್ತು. ಇಟಲಿಯ ಎಲ್ಲ ವೈನಿನ ರಫ್ತೂ ಬಿತ್ತು, ತಪ್ಪಿಲ್ಲದ ರೈತನ ಹಣ್ಣಿನ ಬೆಲೆಯೂ ಬಿತ್ತು. ಅಲ್ಲಿಂದ ಮುಂದೆ ಎಷ್ಟು ಅನ್ನುವುದಕ್ಕಿಂತ ಎಂಥದು ಅನ್ನುವುದರ ಕಡೆಗೆ ಇಡೀ ದೇಶ ಹೊರಳಿತು.

ಇನ್ನು ನಮ್ಮ ಕಡೆಗೆ ಬರೋಣ. ದ್ರಾಕ್ಷಿ ನಮ್ಮ ಸೀಮೆಗೆ ಪರಕೀಯವೇನಲ್ಲ. ಬೀದರ್ 1956ರ ತನಕ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತಲ್ಲ, ಆ ಹೈದರಾಬಾದಿನ ಮನೆಯಂಗಳಗಳಲ್ಲೇ ಅನಾಬ್-ಎ-ಶಾಹಿ ಅನ್ನುವ ದಪ್ಪ ದ್ರಾಕ್ಷಿ ಹೆಸರಾದದ್ದು. ಇಟಲಿಯ ತಳಿ ಕೂಡ ಈಗ ದೂರದಲ್ಲಿಲ್ಲ. ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಉಮರ್ಗಾ, ನಳದುರ್ಗ ದಾಟಿ ಸೋಲಾಪುರಕ್ಕೆ ಹೋಗಿ, ಅದೇ ಜಿಲ್ಲೆಯ ಅಕ್ಲೂಜ್ ಸೇರಿದರೆ ಕಿಯಾಂತಿಯ ಆ ಸಾಂಜೊವೆಸೆ ಬಳ್ಳಿ ಕಾಣಬಹುದು. 2006-07ರ ಸುಮಾರಿಗೆ ಇಲ್ಲಿಯವರೂ ಇಟಲಿಯವರೂ ಕೂಡಿ ಶುರು ಮಾಡಿದ ಫ್ರಾತೆಲ್ಲಿ ಕಂಪನಿಯ ತೋಟಗಳು ಅವು. ಫ್ರಾತೆಲ್ಲಿ ಅಂದರೆ ಅಣ್ಣತಮ್ಮಂದಿರು. ಟಸ್ಕನಿಯ ಪಿಯೆರೊ ಮಾಸಿ ಅನ್ನುವ ವೈನ್ ಪಂಡಿತರು ಅದಕ್ಕೆ ಬಂದರು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸಾಂಜೊವೆಸೆ ಬೆಳೆದು ಬಾಟಲಿ ಮಾಡುವವರಿದ್ದಾರೆ. ಬೆಂಗಳೂರಿನ ಹತ್ತಿರ ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ಅವರ ತೋಟ 1988ರಿಂದಲೇ ಇದೆ. ಅಂದಮೇಲೆ ತಳಿ ತರಬಹುದು, ಪಂಡಿತರನ್ನು ತರಬಹುದು, ಸ್ಟೀಲಿನ ಟ್ಯಾಂಕು ತರಬಹುದು. ತರಲಾಗದ್ದು ಒಂದೇ, ಐದೆಕರೆಯವನು ಆ ಟ್ಯಾಂಕಿನ ಒಡೆಯನಾಗಿರುವ ವ್ಯವಸ್ಥೆ. ಅದನ್ನು ಇಲ್ಲೇ ಕಟ್ಟಬೇಕು.

ಕಟ್ಟದೆ ಹೋದರೆ ಏನಾಗುತ್ತದೆ ಅನ್ನೋದೂ ಕಂಡದ್ದೇ. ಮಹಾರಾಷ್ಟ್ರದ ನಾಸಿಕ ಕಡೆ ಕಂಪನಿಗಳ ಮಾತು ನಂಬಿ ಬಹಳ ರೈತರು ತಿನ್ನುವ ದ್ರಾಕ್ಷಿ ಕಿತ್ತು ವೈನ್ ದ್ರಾಕ್ಷಿ ಹಾಕಿದರು. 2008ರ ಜಾಗತಿಕ ಕುಸಿತ ಬಂತು, ಅದೇ ನವೆಂಬರಿನಲ್ಲಿ ಮುಂಬಯಿ ದಾಳಿ ಆಯಿತು, ಹೋಟೆಲು ಖಾಲಿ, ವೈನ್ ಮಾರಾಟ ಬಿತ್ತು. ಎಷ್ಟೋ ಕಾರ್ಖಾನೆಗಳು ಹಣ್ಣು ಕೊಳ್ಳಲಿಲ್ಲ. ವೈನ್ ದ್ರಾಕ್ಷಿ ಸಣ್ಣದು, ಬೀಜದ್ದು, ತಳ್ಳುಗಾಡಿಯಲ್ಲೂ ಮಾರುವ ಹಾಗಿಲ್ಲ. ರೈತರು ಮತ್ತೆ ಸಾಲ ಮಾಡಿ ಬಳ್ಳಿ ಕಿತ್ತರು. ನಮ್ಮ ರಾಜ್ಯದಲ್ಲಿ 2007ರ ಜುಲೈ ಒಂದರಿಂದ ಸಾರಾಯಿ ನಿಷೇಧವಾಯಿತು, ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು, ವೈನ್ ಮಂಡಳಿಯೂ ಬಂತು. ಬಡವನ ಕುಡಿತಕ್ಕೆ ಬಾಗಿಲು, ಉಳ್ಳವನ ಕುಡಿತಕ್ಕೆ ಮಂಡಳಿ ಅಂತ ತಮಾಷೆ ಮಾಡಬಹುದು. ಆದರೆ ನೀತಿಯಲ್ಲಿ ನಾನು ಹುಡುಕುವುದು ಬೇರೆ: ದ್ರಾಕ್ಷಿ ಬೆಳೆದವನು ಮಾರುವವನಾಗಿ ಉಳಿಯುತ್ತಾನೋ, ಮಾಡುವವನಾಗುತ್ತಾನೋ?

ವಿಜಯಪುರದ ಒಣದ್ರಾಕ್ಷಿ ನೋಡಿ. ಇಟಲಿಯ ವೆರೋನಾ ಪಟ್ಟಣದ ಸುತ್ತ ಅಮರೋನೆ ಅನ್ನುವ ವೈನ್ ಮಾಡುತ್ತಾರೆ, ಬಲು ದುಬಾರಿ. ಹಣ್ಣು ಕೊಯ್ದು ಗಾಳಿಯಾಡುವ ಅಟ್ಟದಲ್ಲಿ ತಟ್ಟಿಗಳ ಮೇಲೆ ಹರವಿ ಮೂರು ನಾಲ್ಕು ತಿಂಗಳು ಒಣಗಿಸುತ್ತಾರೆ, ತೂಕದಲ್ಲಿ ಮೂರನೇ ಒಂದು ಪಾಲು ಹೋಗುತ್ತದೆ, ಸಕ್ಕರೆ ಗಟ್ಟಿಯಾಗುತ್ತದೆ, ಆಮೇಲೆ ಹಿಂಡುತ್ತಾರೆ. ಗಾಳಿ, ನೆರಳು, ತಾಳ್ಮೆ, ಇಷ್ಟೇ ಅದರ ಬಂಡವಾಳ. ತಿಕೋಟಾ ಸುತ್ತ ಬಲೆ ಕಟ್ಟಿದ ಸಾಲು ಸಾಲು ಶೆಡ್ಡುಗಳಲ್ಲಿ ನಮ್ಮವರೂ ಗಾಳಿ ನೆರಳಿನಲ್ಲೇ ದ್ರಾಕ್ಷಿ ಒಣಗಿಸುತ್ತಾರೆ, ಎರಡು ವಾರದಲ್ಲಿ ಮನುಕ ಸಿದ್ಧ. ಕೆಲಸದಲ್ಲಿ ಕಮ್ಮಿಯೇನಿಲ್ಲ. ಆದರೆ ಮಾಲಿನ ದೊಡ್ಡ ಪಾಲು ಇಡಲು, ಹರಾಜು ಹಾಕಲು ಸಾಂಗಲಿಗೆ, ತಾಸಗಾಂವಿಗೆ ಹೋಗುತ್ತದೆ. ಸಾಂಗಲಿ ಮನುಕಕ್ಕೆ ಭೌಗೋಳಿಕ ಗುರುತು ಇದೆ. ಸೋಲಾಪುರದ ಹತ್ತಿರ ನಾನ್ನಜ್ ಅನ್ನುವ ಹಳ್ಳಿಯ ರೈತರೊಬ್ಬರು ತಮ್ಮ ತೋಟದಲ್ಲೇ ಆರಿಸಿ ತೆಗೆದ ‘ಸೋನಾಕಾ’ ತಳಿ ಇಂದು ದೇಶಕ್ಕೆಲ್ಲ ಗೊತ್ತು. ತಳಿ ಆರಿಸುವ ಕಣ್ಣೂ ನಮ್ಮವರಿಗಿದೆ ಅನ್ನಲಿಕ್ಕೆ ಇದನ್ನು ಹೇಳಿದೆ.

ಹಾಗಾದ್ರ ಬಸವಕಲ್ಯಾಣದಾಗ ದ್ರಾಕ್ಷಿ ಹಚ್ಚೋಣೇನು ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಬ್ಯಾಡ್ರಿ. ಚಪ್ಪರಕ್ಕೆ, ಔಷಧಕ್ಕೆ, ನೀರಿಗೆ ಲಕ್ಷಗಟ್ಟಲೆ ಸಾಲ ಮಾಡಿ, ಕೊಳ್ಳುವವನು ಒಬ್ಬನೇ ಇರುವ ಬೆಳೆಗೆ ಕೈ ಹಾಕಿ ಅಂತ ನಾನು ಹೇಳಲಾರೆ. ಅಂಥ ಬೆಳೆ ನಮ್ಮಲ್ಲಿ ಈಗಾಗಲೇ ಇದೆ, ಕಬ್ಬು. ಕಡಿದ ಕಬ್ಬು ದ್ರಾಕ್ಷಿಯ ಹಾಗೆಯೇ ಕಾಯುವುದಿಲ್ಲ, ದಿನಕ್ಕೊಂದಿಷ್ಟು ತೂಕ, ಸಕ್ಕರೆ ಕಳಕೊಳ್ಳುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಹದಿನಾಲ್ಕು ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ ಹದಿನೈದರ ಬಡ್ಡಿ ಕೊಡಬೇಕು. ಕಾರ್ಖಾನೆಯಿಂದ ಆ ಬಡ್ಡಿ ಎಣಿಸಿಕೊಂಡವರು ಕೈ ಎತ್ತಿ ಅಂದೆ. ಎರಡೂ ಸಭೆಯಲ್ಲಿ ಒಂದು ಕೈಯೂ ಏಳಲಿಲ್ಲ.

ನಾನು ಹೇಳುವುದು ತೊಗರಿಯ ಬಗ್ಗೆ. ತೊಗರಿಗೆ ದ್ರಾಕ್ಷಿಗಿಲ್ಲದ ಒಂದು ಗುಣ ಇದೆ, ಅದು ಕಾಯುತ್ತದೆ. ಒಣಗಿಸಿ ಇಟ್ಟರೆ ಹುಳು ಬೀಳದ ಹಾಗೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಬಾರ್ಬರೆಸ್ಕೊದವರು ಪೀಪಾಯಿ, ನೆಲಮಾಳಿಗೆ ಕಟ್ಟಿ ಗಳಿಸಿದ ಕಾಲ ನಮಗೆ ಸುಮ್ಮನೇ ಸಿಕ್ಕಿದೆ. ಆದರೂ ರಾಶಿಯಾದ ವಾರದಲ್ಲೇ ಅಡತಿ ಅಂಗಡಿಗೆ ಸುರಿಯುತ್ತೇವೆ. ಯಾಕಂದರೆ ಬಿತ್ತುವಾಗ ಅದೇ ಅಡತಿಯವನಿಂದ ಕೈಗಡ ತಂದಿರುತ್ತೇವೆ. ಕಾಳು ಕಾಯುತ್ತದೆ, ಸಾಲ ಕಾಯುವುದಿಲ್ಲ.

ನೆರೆಯ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕಲಬುರಗಿಯ ನೆಲದ ಸುಣ್ಣ, ಪೊಟ್ಯಾಷ್ ಅಂಶ ಆ ಬೇಳೆಯ ರುಚಿಗೆ ಕಾರಣ ಅನ್ನುತ್ತಾರೆ, ನೆಬ್ಬಿಯೋಲೊ ಹೊಲದ ಮಾತನ್ನೇ ಮತ್ತೊಮ್ಮೆ ಕೇಳಿದ ಹಾಗಾಯಿತಲ್ಲ? ನಮ್ಮ ಬೀದರಿನ ಬಿದರಿ ಕೆಲಸಕ್ಕೂ ಆ ಗುರುತು ಇದೆ. ಬೆಂಗಳೂರು ಬ್ಲೂ ದ್ರಾಕ್ಷಿಗೆ 2013ರಲ್ಲಿ ಬಂತು. ಬಂದು ಏನಾಯಿತು? 2020ರ ಲಾಕ್‌ಡೌನಿನಲ್ಲಿ ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿಯನ್ನು ತಿಪ್ಪೆಗೆ ಸುರಿದರು. ಗುರುತಿನ ಕಾಗದ ಹಣ್ಣನ್ನು ಕೊಳ್ಳುವುದಿಲ್ಲ, ಹಿಂಡುವುದಿಲ್ಲ, ಇಟ್ಟುಕೊಳ್ಳುವುದಿಲ್ಲ. ಕಿಯಾಂತಿಯ 1716ರ ಫರ್ಮಾನು ಪಾಲಿನ ರೈತನಿಗೆ ಏನು ಕೊಟ್ಟಿತೋ ಅಷ್ಟನ್ನೇ ಇದೂ ಕೊಡುತ್ತದೆ, ಹಿಂದೆ ಬಾರ್ಬರೆಸ್ಕೊದಂಥ ಸಂಘ ಇಲ್ಲದಿದ್ದರೆ.

ಸಂಘದ ಕೆಲಸ ಎಂಥದು ಅನ್ನುವುದಕ್ಕೆ ಕೆಲವು ಮಾತು. ಭೌಗೋಳಿಕ ಗುರುತಿನ ಕಾಯ್ದೆ 1999ರದು, 2003ರಲ್ಲಿ ಜಾರಿಗೆ ಬಂತು. ಗುರುತನ್ನು ಸಂಘವೋ ಮಂಡಳಿಯೋ ಪಡೆದರೂ, ಬೆಳೆಯುವವನು ‘ಅಧಿಕೃತ ಬಳಕೆದಾರ’ ಅಂತ ತನ್ನ ಹೆಸರು ಬರೆಸಬೇಕು. ಬರೆಸದಿದ್ದರೆ ಗುರುತು ಚೀಲದ ಮೇಲೆ ಇರುತ್ತದೆ, ಚೀಲ ವ್ಯಾಪಾರಿಯ ಹತ್ತಿರ ಇರುತ್ತದೆ. ನಮ್ಮ ಎರಡು ತಾಲೂಕುಗಳ ತೊಗರಿ, ಹೆಸರು, ಉದ್ದು, ಬಿಳಿಜೋಳ, ಇವುಗಳಲ್ಲಿ ಯಾವುದಕ್ಕೆ ಅಂಥ ವಿಶೇಷ ಇದೆ ಅನ್ನೋದನ್ನು ಹೊಲ ಹೊಲದ ಲೆಕ್ಕದಲ್ಲಿ ಬರೆದಿಡುವ ಕೆಲಸ ಈ ಮುಂಗಾರಿನಿಂದಲೇ ಶುರುವಾಗಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಎರಡನೆಯದು ಗೋದಾಮು. 2007ರ ಉಗ್ರಾಣ ಕಾಯ್ದೆಯ ಪ್ರಕಾರ ನೋಂದಾಯಿತ ಗೋದಾಮಿನ ರಸೀದಿಯ ಮೇಲೆ ಬ್ಯಾಂಕು ಸಾಲ ಕೊಡಬಹುದು. ರಾಶಿಯ ವಾರದಲ್ಲಿ ಅಡತಿಯವನ ಕೈಗಡ ತೀರಿಸಲು ಅಷ್ಟು ಸಿಕ್ಕರೆ ಕಾಳು ಕಾಯಬಲ್ಲದು. ಸ್ವಸಹಾಯ ಸಂಘಗಳಿಗೆ ಸಾಲ ಕೊಟ್ಟು ಹೆಸರಾದ ಡಿಸಿಸಿ ಬ್ಯಾಂಕು ನಮ್ಮ ಜಿಲ್ಲೆಯದು. ಐದು ಸಾವಿರ ಹತ್ತು ಸಾವಿರವನ್ನು ವಾರವಾರ ಲೆಕ್ಕ ಇಟ್ಟು ತಿರುಗಿಸಿದ ಅಕ್ಕಂದಿರು ಊರೂರಲ್ಲಿದ್ದಾರೆ. ಗೋದಾಮಿನ ಲೆಕ್ಕದ ಪುಸ್ತಕವನ್ನು ಗಂಡಸರ ಕೈಗಿಂತ ಅವರ ಕೈಗೆ ಕೊಡುವುದು ಲೇಸು ಅಂತ ನನ್ನ ಅಭಿಪ್ರಾಯ. ಯಾರಿಗಾದರೂ ಬೇಜಾರಾದರೆ ಆಗಲಿ.

ಮೂರನೆಯದು ಕಷ್ಟದ್ದು, ಅಷ್ಟನ್ನೂ ಸಂಘಕ್ಕೇ ಹಾಕುವ ಕಟ್ಟಳೆ. ಕ್ವಿಂಟಲಿಗೆ ನೂರು ರೂಪಾಯಿ ಹೆಚ್ಚು ಕೊಡುತ್ತೇನೆ ಅಂತ ವ್ಯಾಪಾರಿ ಮೊದಲ ವರ್ಷ ಮನೆ ಬಾಗಿಲಿಗೇ ಬರುತ್ತಾನೆ. ಎರಡನೇ ವರ್ಷ ಬರುವುದಿಲ್ಲ, ಅಷ್ಟರಲ್ಲಿ ಸಂಘ ಮುರಿದಿರುತ್ತದೆ.

ಹುಮನಾಬಾದಿನ ಸಭೆ ಮುಗಿಯುವಾಗ ವಯಸ್ಸಾದ ತಾಯಿಯೊಬ್ಬರು ಎದ್ದು, ‘ಯಪ್ಪಾ, ಆ ಊರಾಗ ಪಾದ್ರಿ ಇದ್ದ, ಕೂಡಿಸಿದ. ನಮ್ಮೂರಾಗ ಯಾರು ಅದಾರ?’ ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಅಲ್ಲಿ ಮೊದಲು ಕೂಡಿಸಿದವನು ಪಾದ್ರಿಯಲ್ಲ, ಶಾಲೆಯ ಮೇಷ್ಟ್ರು. ಆ ಮೇಷ್ಟ್ರು 1913ರಲ್ಲೇ ತೀರಿಕೊಂಡ. ಅವನ ಸಂಘವನ್ನೂ ಮುಚ್ಚಿಸಿದರು. ಪಾದ್ರಿ ಕರೆದಾಗ 1958ರಲ್ಲಿ ಬಂದ ಹತ್ತೊಂಬತ್ತು ಮನೆಗಳಿಗೆ, ತಮ್ಮ ಊರಲ್ಲಿ ಒಮ್ಮೆ ಹಾಗೆ ನಡೆದಿತ್ತು ಅನ್ನುವುದು ಗೊತ್ತಿತ್ತು.